ಮೀನು ಬಿಟ್ಟ ಹರಕೆ

ದೇವರ ಮುಂದೆ ನಿಂತರೆ ನನಗೆ ಮೀನುಪೇಟೆಯಲ್ಲಿ ನಿಂತ ಹಾಗೇ ಆಗುತ್ತದೆ. ಕೈ ಮುಗಿದ ಮರುಕ್ಷಣ ಚೌಕಾಸಿ ಶುರು. ನೀನು ಇಷ್ಟು ಕೊಡು, ನಾನು ಇಷ್ಟು ಕೊಡುತ್ತೇನೆ. ಅದೂ ಒಂದು ತೆಂಗಿನಕಾಯಿಯಿಂದ ಆರಂಭಿಸಿ, ದೇವರು ಜಗ್ಗದಿದ್ದರೆ ಮಾತ್ರ ಬಾಳೆಗೊನೆಗೆ ಏರುತ್ತೇನೆ. ಅಂಕೋಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನ ಭಕ್ತಿ ಇದಕ್ಕಿಂತ ದುಬಾರಿಯಾಗುವುದು ಕಷ್ಟ.

ನಮ್ಮ ಮನೆಗೆ ಮೀನು ತರುವವಳು ಬೆಳಂಬಾರದ ಮಾದೇವಕ್ಕ. ಗಂಡ ದೋಣಿಗೆ ಹೋಗುತ್ತಾನೆ, ಇವಳು ಬುಟ್ಟಿ ಹೊತ್ತು ಮನೆ ಮನೆ ತಿರುಗುತ್ತಾಳೆ. ಅಂದಿನ ಮೀನು ಹೋದರೆ ಅಂದಿನ ಅಕ್ಕಿ. ಕಳೆದ ವರ್ಷ ಮಳೆಗಾಲ ಮುಗಿದ ಹೊಸತರಲ್ಲಿ ಒಂದು ಬೆಳಿಗ್ಗೆ ಅವಳು ಬುಟ್ಟಿಯಿಲ್ಲದೆ ಬಂದು ನಮ್ಮ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಹಿಂದಿನ ದಿನ ಹೋದ ಗಂಡನ ದೋಣಿ ತಿರುಗಿ ಬಂದಿಲ್ಲ, ಗಾಳಿ ಎದ್ದಿದೆ, ಫೋನೂ ಹತ್ತುತ್ತಿಲ್ಲ. ನಾವೇನು ಮಾಡೋಣ ಹೇಳು ಎಂದು ನನ್ನ ಹೆಂಡತಿ ಕೇಳಿದಳು.

"ಎಂತದೂ ಬ್ಯಾಡ್ರಾ. ಮಾಸ್ತರ್ರು ದೇವ್ರಿಗೆ ಒಂದ್ ಮಾತ ಹೇಳ್ಲಿ. ನನ್ನ ದನಿ ದಿನಾ ಕೇಳಿ ಕೇಳಿ ಅವನಿಗೆ ಬೇಜಾರ ಬಂದಿರ್ತದೆ. ಇವರದು ಹೊಸಾ ದನಿ."

ಹೊಸ ದನಿಯವನು ದೇವರ ಕೋಣೆಗೆ ಹೋದೆ. ಅಭ್ಯಾಸಬಲದಿಂದ ತೆಂಗಿನಕಾಯಿ ಎಂದೆ. ಆಗ ಹೊರಗೆ ಅವಳು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುವುದು ಕೇಳಿಸಿತು. ನನಗೆ ನಿಜಕ್ಕೂ ಭಯವಾಯಿತು. ಕಾಯಿ, ಗೊನೆ ಎಲ್ಲ ಮರೆತು, "ಅವನು ಜೀವಂತ ಬಂದರೆ ಇನ್ನು ನಾನು ಮೀನು ಮುಟ್ಟುವುದಿಲ್ಲ" ಎಂದುಬಿಟ್ಟೆ.

ಕಾಶಿಗೆ ಹೋದವರು ಏನನ್ನಾದರೂ ಬಿಟ್ಟು ಬರಬೇಕೆಂಬ ಪದ್ಧತಿ ಇದೆಯಲ್ಲ, ನನ್ನ ಸೋದರಮಾವ ಅಲ್ಲಿ ಸುವರ್ಣಗಡ್ಡೆ ಬಿಟ್ಟು ಬಂದಿದ್ದ. ಅದನ್ನು ತಿಂದರೆ ಅವನಿಗೆ ಗಂಟಲು ತುರಿಸುತ್ತಿತ್ತು. ನಾನು ಬಿಟ್ಟದ್ದು ಬಂಗಡೆಯನ್ನು! ಮೀನಿಲ್ಲದ ಶ್ರಾವಣದ ಒಂದು ತಿಂಗಳ ಸಲುವಾಗಿ ಆಷಾಢದಲ್ಲೇ ಮುಖ ಬಾಡಿಸುವವನು ನಾನು. ಆ ದಿನವಿಡೀ ನನ್ನ ತ್ಯಾಗವನ್ನು ನೆನೆದು ನನಗೇ ಕಣ್ಣು ತುಂಬುತ್ತಿತ್ತು.

ಸಂಜೆ ಸುದ್ದಿ ಬಂತು. ಎಂಜಿನ್ ಕೆಟ್ಟು ತೇಲುತ್ತಿದ್ದ ದೋಣಿಯನ್ನು ಕಾರವಾರದ ಕಡೆಯ ದೊಡ್ಡ ಬೋಟಿನವರು ಹಗ್ಗ ಕಟ್ಟಿ ಎಳೆದು ಸದಾಶಿವಗಡದ ದಡಕ್ಕೆ ಮುಟ್ಟಿಸಿದ್ದರು. ಫೋನು ನೀರು ಕುಡಿದಿತ್ತು, ಆಸಾಮಿ ಅಲ್ಲಿನ ಅಂಗಡಿಯೊಂದರಲ್ಲಿ ಚಹಾ ಕುಡಿಯುತ್ತಿದ್ದ.

ಎರಡು ದಿನ ಬಿಟ್ಟು ಮಾದೇವಕ್ಕ ನಗುತ್ತ ಬಂದು ಬುಟ್ಟಿ ಇಳಿಸಿದಳು. ಮೇಲುಗಡೆಯೇ ಹೊಳೆಯುವ ಬಂಗಡೆ. ನಾನು ಗಂಭೀರವಾಗಿ ಹರಕೆಯ ಸಂಗತಿ ಹೇಳಿದೆ. ಅವಳು ಕೈ ಹಿಡಿದು ಕಣ್ಣೀರಿಡುತ್ತಾಳೆ ಎಂದುಕೊಂಡಿದ್ದೆ. ಅವಳು ಹಣೆ ಬಡಿದುಕೊಂಡಳು.

"ಅಯ್ಯೋ ಮಾಸ್ತರ್ರೇ, ನನ್ನ ಗಂಡನ್ನ ಉಳಸಿ ನನ್ನ ಹೊಟ್ಟೆ ಮೇಲೆ ಹೊಡದ್ರಿ ಅಲ್ರಾ! ನೀವ್ ಮೀನ ಬಿಟ್ರೆ ಅದನ್ನ ದೇವ್ರ ಬಂದ್ ತಕಂತಾನಾ?"

ಬಡವಳಿಗಾಗಿ ಉಪವಾಸ ಬೀಳಲು ಹೊರಟವನು ಅವಳನ್ನೇ ಉಪವಾಸ ಕೆಡವುತ್ತಿದ್ದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಮಾದೇವಕ್ಕ ತಡಮಾಡಲಿಲ್ಲ. ಮೆಟ್ಟಿಲ ಮೇಲೆ ನಿಂತೇ ದೇವರ ಕೋಣೆಯ ಕಡೆ ಕೈ ಮುಗಿದಳು.

"ಸ್ವಾಮೀ, ಮಾಸ್ತರ್ರು ತಿಳೀದೇ ಹೇಳೀರು, ಸಿಟ್ಟ ಮಾಡಬ್ಯಾಡ. ಮೀನ ಬದ್ಲಿ ಚೌಕಾಸಿ ಬಿಡ್ತಾರೆ."

ಒಬ್ಬರ ಹರಕೆಯನ್ನು ಇನ್ನೊಬ್ಬರು ತಿದ್ದಬಹುದೆಂದು ಯಾವ ಶಾಸ್ತ್ರ ಹೇಳುತ್ತದೋ ಕಾಣೆ. ಆ ಮಧ್ಯಾಹ್ನ ಎರಡು ಬಂಗಡೆ ಉಂಡೆ, ದೇವರು ಏನೂ ಅನ್ನಲಿಲ್ಲ. ಆದರೆ ಹೊಸ ಹರಕೆ ಹಳೆಯದಕ್ಕಿಂತ ಕಠಿಣ. ಈಗಲೂ ಅವಳು ರೇಟು ಹೇಳಿದ ಕೂಡಲೇ ನನ್ನ ನಾಲಿಗೆ ತಾನಾಗಿಯೇ ಏಳುತ್ತದೆ. ನಾನು ಅದನ್ನು ನುಂಗುವುದನ್ನು ನೋಡಿ ಅವಳು ನಗುತ್ತಾಳೆ.

ಚೌಕಾಸಿ ಬಿಟ್ಟ ರೂಢಿ ದೇವರ ಕೋಣೆಯೊಳಗೂ ಹಬ್ಬಿದೆ. ಗಾಳಿ ಎದ್ದ ದಿನ ದೇವರ ಮುಂದೆ ನಿಂತು, ದೋಣಿ ಬರಲಿ ಎನ್ನುತ್ತೇನೆ. ಕಾಯಿಯ ಮಾತಿಲ್ಲ, ಗೊನೆಯ ಮಾತಿಲ್ಲ. ಆಮೇಲೆ ಪಾತ್ರೆ ಹಿಡಿದು ಬಾಗಿಲಿಗೆ ಬಂದು, ಅವಳ ಕೂಗು ಕೇಳುವವರೆಗೆ ಕಾಯುತ್ತೇನೆ.