ಕಿಲೋಮೀಟರಿಗೊಂದು ಕಾಯಿ

ಜಾವಗಲ್ಲಿನಲ್ಲಿ ಚಿತ್ರಾ ಆಫೀಸಿನಿಂದ ಬಂದಳೋ ಇಲ್ಲವೋ ಎಂದು ತಿಳಿಯಲು ಆ ಬೀದಿಯವರು ಗಡಿಯಾರ ನೋಡುತ್ತಿರಲಿಲ್ಲ. ಎದುರುಮನೆಯ ಬಸಮ್ಮ ಜಗಲಿಯ ಮೇಲೆ ಕೂತು ರಸ್ತೆಯ ತುದಿ ನೋಡುವರು. ಧೂಳು ತೆಂಗಿನ ಗರಿಯೆತ್ತರಕ್ಕೆ ಎದ್ದಿತೋ, “ಬಂತು ನೋಡ್ರೇ ಉಗ್ರಪ್ಪನ ಬಿರುಗಾಳಿ! ಒಣಗ್ಹಾಕಿರೋ ಹಪ್ಳ ಒಳೀಕ್ ತಗೊಳ್ರಿ,” ಎಂದು ಕೂಗುವರು.

“ಅಪ್ಪ ಉಗ್ರಪ್ಪ ಮೂವತ್ತು ವರ್ಷ ಅರಸೀಕೆರೆ ಡಿಪೋದ ಬಸ್ಸು ಓಡ್ಸಿ ಒಂದು ಕೋಳಿಗೂ ತಗುಲಿಸ್ಲಿಲ್ಲ. ಅಪ್ಪ ಉಳಿಸಿದ್ ಸ್ಪೀಡೆಲ್ಲ ಮಗಳಿಗೆ ಬಂದೈತೆ,” ಎನ್ನುವುದು ಇನ್ನೊಂದು ಮಾತು. ಬೇಲೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿ ಕೂತು ಪಹಣಿ ನೋಡುವ ಹುಡುಗಿ, ಭಾನುವಾರ ಬಂದರೆ ಹೆಲ್ಮೆಟ್ ಹಾಕಿಕೊಂಡು ಮಣ್ಣುದಾರಿಯ ಕಾರ್ ರೇಸಿಗೆ ಹೋಗುತ್ತಾಳೆ ಎಂದರೆ ಊರಿನ ಬಾಯಿ ಸುಮ್ಮನಿದ್ದೀತೇ? ಮಾತು ಹೆಚ್ಚೇ ಇತ್ತು. ಚಿತ್ರಾ ಅದಕ್ಕೆಲ್ಲ ನಗುವಳು.

ನಗು ಬಾರದೇ ಹೋದದ್ದು ಒಂದೇ ಮಾತಿಗೆ. ನಾಲ್ಕು ವರ್ಷದ ಹಿಂದೆ ಅವಳ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ದುಗ್ಧಗ್ರಂಥಿಯ ಕ್ಯಾನ್ಸರ್ ಎಂದರು ಬೆಂಗಳೂರಿನ ಡಾಕ್ಟರು. ಅಂದಿನಿಂದ ಊರಿನವರು ದನಿ ತಗ್ಗಿಸಿ “ಪಾಪ” ಎನ್ನತೊಡಗಿದರು. ಧೂಳಿಗೆ ಬೈಯುವುದನ್ನೂ ನಿಲ್ಲಿಸಿದರು.

“ಬೈದ್ರೆ ಬೈಸ್ಕೋತೀನಿ ಅತ್ತಿಗೆ. ಈ ‘ಪಾಪ’ ಅನ್ನೋದು ಮಾತ್ರ ಗಂಟಲಲ್ಲಿ ಇಳಿಯಲ್ಲ,” ಎಂದಿದ್ದಳು ಚಿತ್ರಾ.

ಅತ್ತಿಗೆ ಎಂದರೆ ಮೀನಾಕ್ಷಿ, ಅಣ್ಣನ ಹೆಂಡತಿ, ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಹಳೇಬೀಡಿನ ಬಸ್ಸು ಹತ್ತಿದರೂ ಕೈಯಲ್ಲಿ ನಿಂಬೆಹಣ್ಣು ಹಿಡಿದು ಕಣ್ಣು ಮುಚ್ಚಿ ಕೂರುವ ಹೆಂಗಸು. ಅಂಥವಳನ್ನು ಹಿಡಿದು ರೇಸ್ ಕಾರಿನಲ್ಲಿ ಕೂರಿಸಿದ್ದು ಚಿತ್ರಾಳದೇ ಕಿತಾಪತಿ.

ಆ ಆಟದ ರೀತಿ ಹೀಗೆ. ಓಡಿಸುವವರು ಒಬ್ಬರು, ಪಕ್ಕದಲ್ಲಿ ಕೂತು ದಾರಿ ಓದುವವರು ಒಬ್ಬರು. ರೇಸಿಗೆ ಮುಂಚೆಯೇ ಒಂದು ದಿನ ನಿಧಾನವಾಗಿ ಹೋಗಿ ಪ್ರತಿ ತಿರುವನ್ನೂ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ರೇಸಿನ ದಿನ ತಿರುವು ಬರುವ ಮುಂಚೆಯೇ ಅದನ್ನು ಓದಿ ಹೇಳಬೇಕು. ಕಣ್ಣಿಗೆ ಕಾಣದ ದಾರಿಯನ್ನು ಕಿವಿಯಿಂದ ನೋಡಿ ಓಡಿಸುವ ವಿದ್ಯೆ ಅದು. ಬೇರೆಯವರು ತಿರುವಿಗೆ ಒಂದು ಎರಡು ಮೂರು ಎಂದು ನಂಬರು ಕೊಡುತ್ತಾರೆ. ಗಣಿತದ ಮೇಡಮ್ಮಿಗೆ ಆ ವೇಗದಲ್ಲಿ ನಂಬರೇ ಮರೆತುಹೋಗುತ್ತಿತ್ತು. ಕೊನೆಗೆ ಇಬ್ಬರೂ ಸೇರಿ ತಮ್ಮದೇ ಭಾಷೆ ಕಟ್ಟಿಕೊಂಡರು. ಎತ್ತಿನಗಾಡಿ ತಿರುಗಿಸುವಷ್ಟು ಇಕ್ಕಟ್ಟಾದರೆ ಗಾಡಿ ತಿರುವು. ಅದಕ್ಕಿಂತ ಸಲೀಸಾದರೆ ಟ್ರಾಕ್ಟರ್ ತಿರುವು. ಆಮೇಲೆ ಬಸ್ ತಿರುವು. ತಿರುಗಿದ್ದೇ ಗೊತ್ತಾಗದಿದ್ದರೆ ಅದು ಬಾಣಾವರದ ರೈಲು ತಿರುವು. ಹೊರಡುವಾಗ ಕಂಡಕ್ಟರಿನ ಹಾಗೆ “ರೈಟ್ ರೈಟ್” ಎನ್ನುವುದು ಮೀನಾಕ್ಷಿಯ ಕೆಲಸ. ಗಾಡಿಯಲ್ಲಿ ಬಾಯಿ ನಿಲ್ಲಿಸದೆ ಓದುತ್ತಿದ್ದರೆ ವಾಂತಿ ಬರುವುದಿಲ್ಲ ಎನ್ನುವುದೂ ಅವಳಿಗೆ ಆಗಲೇ ತಿಳಿದದ್ದು.

ಮೊದಲ ಸಲದ ಕಾಯಿಲೆ ಗುಣವಾಯಿತು. ಆದರೆ ಆಸ್ಪತ್ರೆಯ ದಿನಗಳಲ್ಲಿ ಕಂಡ ಒಂದು ನೋಟ ಚಿತ್ರಾಳನ್ನು ಬಿಡಲಿಲ್ಲ. ಬಾಣಾವರದ ಕಡೆಯ ದ್ರಾಕ್ಷಾಯಣಿ ಎಂಬ ಹೆಂಗಸು ಅವಳ ಜೊತೆಯಲ್ಲೇ ಕೀಮೋ ತೆಗೆದುಕೊಳ್ಳುತ್ತಿದ್ದಳು. ಒಂದು ಸಂಜೆ ರೈಲಿನಿಂದ ಅರಸೀಕೆರೆಯಲ್ಲಿ ಇಳಿದವಳೇ ಮೆಟ್ಟಿಲ ಮೇಲೆ ಹಾಗೇ ಒರಗಿಬಿಟ್ಟಳು. ಊರಿಗೆ ಹೋಗುವ ಬಸ್ಸು ಹೊರಟುಹೋಗಿತ್ತು. “ನೀವು ಹೋಗಿ ಅಕ್ಕ, ನಾನು ಇಲ್ಲೇ ಬೆಳಗ್ಗೆ ತನಕ ಇರ್ತೀನಿ,” ಎಂದಳಂತೆ, ಅದೇನೂ ದೊಡ್ಡದಲ್ಲ ಎನ್ನುವ ಹಾಗೆ. ಅವತ್ತು ಉಗ್ರಪ್ಪನವರು ಇಬ್ಬರನ್ನೂ ಒಂದೇ ಆಟೋದಲ್ಲಿ ಮಲಗಿಸಿಕೊಂಡು ಬಂದರು.

ಆ ಆಟೋದಲ್ಲೇ ಚಿತ್ರಾ ನಿಶ್ಚಯಿಸಿದಳು. ನಮ್ಮ ಕಡೆಯ ಕ್ಯಾನ್ಸರ್ ರೋಗಿಗಳನ್ನು ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಮಲಗಿಸಿಕೊಂಡು ಹೋಗುವ ಒಂದು ವ್ಯಾನು ಬೇಕು. ಅದನ್ನು ರೇಸಿನಿಂದಲೇ ತರಬೇಕು.

ಹೇಗೆ? ನಮ್ಮ ಕಡೆಯ ತೋಟದವರನ್ನು ನೀವು ನೋಡಿದ್ದೀರಲ್ಲ, ಜೇಬಿನಿಂದ ನೂರು ರೂಪಾಯಿ ತೆಗೆಯಬೇಕಾದರೆ ಮೂರು ಸಲ ಕೆಮ್ಮುತ್ತಾರೆ. ಮರದಿಂದ ನೂರು ಕಾಯಿ ಕೊಡಲು ಒಂದು ಸಲವೂ ಕೆಮ್ಮುವುದಿಲ್ಲ. ಚಿತ್ರಾ ದುಡ್ಡು ಕೇಳಲಿಲ್ಲ. ಆ ಸಲ ನಮ್ಮ ಸುತ್ತಿನಲ್ಲೇ ಎರಡು ದಿನದ ರ‍್ಯಾಲಿ ನಡೆಯುವುದಿತ್ತು. ಹಳೇಬೀಡಿನ ಹಿಂದಿನ ಬಂಡೆದಾರಿ, ಬಾಣಾವರದ ಕೆರೆ ಏರಿ, ಕೊನೆಗೆ ಜಾವಗಲ್ಲಿನ ತೋಟದ ಹಾದಿ, ಒಟ್ಟು ಅರವತ್ತನಾಲ್ಕು ಕಿಲೋಮೀಟರು. “ನಾನು ಓಡಿಸಿದ ಕಿಲೋಮೀಟರಿಗೊಂದು ಕಾಯಿ ಕೊಡಿ,” ಎಂದು ಮನೆಮನೆಗೆ ಹೋದಳು.

ಬಸಮ್ಮನ ಯಜಮಾನರು ಕರಿಬಸವಯ್ಯ ಕಾಯಿ ವ್ಯಾಪಾರಿ. ಕಾಯಿ ಕುಟ್ಟಿ ದನಿಯಲ್ಲೇ ಒಳಗಿನ ತಿರುಳು ಹೇಳುವ ಮನುಷ್ಯ. ಅವರು ಊರಿನವರ ಪರವಾಗಿ ಕರಾರು ಹಾಕಿದರು. “ನೋಡಮ್ಮ, ಅರ್ಧಂಬರ್ಧ ಯಾಪಾರ ನಂಗಾಗಲ್ಲ. ಪೂರ್ತಿ ಮುಗಿಸ್ದೆ ಅಂದ್ರೆ ಮನೆಗೆ ಅರವತ್ನಾಕು ಕಾಯಿ. ನಾನೇ ಸಾಗಿಸ್ತೀನಿ, ನಾನೇ ಮಾರಿಕೊಡ್ತೀನಿ. ಮಧ್ಯದಲ್ಲಿ ನಿಂತ್ಯೋ, ಒಂದೂ ಇಲ್ಲ.”

“ಆಯ್ತು ಅಯ್ನೋರೆ. ಗೊನೆ ಇಳಿಸೋಕೆ ಆಳು ಗೊತ್ತುಮಾಡ್ಕೊಳ್ಳಿ,” ಎಂದಳು ಚಿತ್ರಾ. ಮುನ್ನೂರು ಮನೆ ಒಪ್ಪಿತು.

ರ‍್ಯಾಲಿಗೆ ಹದಿನೈದು ದಿನವಿತ್ತು. ಅಂಗಳದಲ್ಲಿ ಹೆಲ್ಮೆಟ್ಟಿನ ಪಟ್ಟಿ ಕಟ್ಟುತ್ತಿದ್ದ ಚಿತ್ರಾ ಕೈ ನಿಲ್ಲಿಸಿದಳು. “ಅತ್ತಿಗೆ, ಪಟ್ಟಿ ಬಿಗಿ ಆಗ್ತಿದೆ.”

ಮೀನಾಕ್ಷಿ ಸಡಿಲ ಮಾಡಲು ಹೋದಳು. ಕಿವಿಯ ಕೆಳಗೆ ಬೆರಳಿಗೆ ಹುಣಸೆಬೀಜದಷ್ಟು ಗಂಟು ಸಿಕ್ಕಿತು.

ಆರು ದಿನ ಪರೀಕ್ಷೆ ಮಾಡಿದ ಬೆಂಗಳೂರಿನ ಡಾಕ್ಟರು ಮುಚ್ಚಿಡಲಿಲ್ಲ. ಕಾಯಿಲೆ ಮರಳಿದೆ, ಈ ಸಲ ಔಷಧಿ ಜೋರಾಗಿರುತ್ತದೆ, ಆಮೇಲೆ ಕಾಂಡಕೋಶದ ಕಸಿ. ಚಿತ್ರಾ ರ‍್ಯಾಲಿಯ ತಾರೀಖು ಹೇಳಿದಳು. ಡಾಕ್ಟರು ಬಹಳ ಹೊತ್ತು ರಿಪೋರ್ಟು ನೋಡಿ, “ಹತ್ತು ದಿನ ತಡೀಬಹುದು. ಹನ್ನೊಂದನೇ ದಿನ ನೀವು ಇಲ್ಲಿರಬೇಕು,” ಎಂದರು. ರ‍್ಯಾಲಿ ಮುಗಿಯುವುದು ಹತ್ತನೇ ದಿನ.

“ನಾನು ಓದಲ್ಲ,” ಎಂದಳು ಮೀನಾಕ್ಷಿ ಮನೆಗೆ ಬಂದವಳೇ. “ಬೇಕಾದ್ರೆ ಇನ್ನೊಬ್ಬರನ್ನ ಹುಡುಕ್ಕೋ. ಜೀವಕ್ಕಿಂತ ತೆಂಗಿನಕಾಯಿ ಹೆಚ್ಚಾಯ್ತಾ ನಿಂಗೆ?”

“ಹೆಚ್ಚಲ್ಲ ಅತ್ತಿಗೆ. ಆದ್ರೆ ಮುಗಿಸಿದ್ರೆ ದ್ರಾಕ್ಷಾಯಣಿಗೆ ಗಾಡಿ ಬರ್ತದೆ. ಮುಗಿಸ್ಲಿಲ್ಲ ಅಂದ್ರೆ ನಾನು ಬರೀ ‘ಪಾಪ’ ಆಗಿ ಉಳೀತೀನಿ.”

ಒಳಗೆ ಬುದ್ಧನ ಪಟದ ಮುಂದೆ ತಾಯಿ ಚಲುವಮ್ಮ ಅಳುವ ದನಿ ಕೇಳಿಸುತ್ತಿತ್ತು. ಉಗ್ರಪ್ಪನವರು ಎದ್ದು ಹೊರಗೆ ಹೋದರು. ಕಾರಿನ ಸುತ್ತ ನಡೆದು, ಡಿಪೋದಲ್ಲಿ ಮೂವತ್ತು ವರ್ಷ ಮಾಡಿದ ಹಾಗೆ, ನಾಲ್ಕೂ ಚಕ್ರಕ್ಕೆ ಕಾಲಲ್ಲಿ ಒದ್ದು ಗಾಳಿ ನೋಡಿದರು. “ಬಾರಮ್ಮ ಮೀನಾಕ್ಷಿ,” ಎಂದರು. “ಸ್ಟೆಪ್ನಿ ಬದಲಾಯ್ಸೋದು ನೀನೂ ಕಲ್ತ್ಕೋ. ಮೊದಲ್ನೇ ಸಲದ ಕಾಯ್ಲೆ ಆದಾಗಿಂದ ಅವಳ ಎಡಭುಜಕ್ಕೆ ಬಲ ಸಾಲದು.”

ಮೀನಾಕ್ಷಿ ಅತ್ತುಕೊಂಡೇ ಸೆರಗು ಸಿಕ್ಕಿಸಿದಳು. ಅಂದಿನಿಂದ ದಿನಾ ಸಂಜೆ ಅಂಗಳದಲ್ಲಿ ಅದೇ ಪಾಠ. ಮಾವ ಸೀಟಿ ಊದುವರು, ಸೊಸೆ ಜಾಕು ಏರಿಸುವಳು.

ರ‍್ಯಾಲಿಗೆ ಮೂವತ್ತೊಂದು ಗಾಡಿ ಬಂದಿದ್ದವು. ಚಿತ್ರಾಳದು ಹಳೆಯ ಪುಟ್ಟ ಕಾರು, ಒಳಗೆ ಕಬ್ಬಿಣದ ಪಂಜರ, ಕೊನೆಯ ನಂಬರು. ಹಳೇಬೀಡಿನ ಬಂಡೆದಾರಿಯಲ್ಲಿ ಐದು ಗಾಡಿ ನಿಂತವು. ಬಾಣಾವರದ ಏರಿಯ ಮೇಲೆ ಇನ್ನೇಳು. ಚಿತ್ರಾ ನಿಲ್ಲಲಿಲ್ಲ. ರಾತ್ರಿ ಜ್ವರ ಬಂದರೂ ಬೆಳಗ್ಗೆ ತಲೆಗೆ ನೀರು ಸುರಿದುಕೊಂಡು ಬಂದಳು. ಐವತ್ತೈದು ಕಿಲೋಮೀಟರು ಮುಗಿಯಿತು. ಉಳಿದದ್ದು ಒಂಬತ್ತು, ಅದೂ ತನ್ನದೇ ಊರಿನ ತೋಟದ ಹಾದಿ.

“ರೈಟ್ ರೈಟ್!” ಎಂದಳು ಮೀನಾಕ್ಷಿ. ಕಾರು ಹಾರಿತು. “ನೂರೈವತ್ತು ಮೀಟರು, ರೈಲು ತಿರುವು ಬಲಕ್ಕೆ. ಎಂಬತ್ತು, ಹುಣಸೇಮರ, ಟ್ರಾಕ್ಟರ್ ತಿರುವು ಎಡಕ್ಕೆ, ದಾರಿ ಚೊಕ್ಕ!”

ದಾರಿ ಚೊಕ್ಕವಾಗಿತ್ತು, ಮೊನ್ನೆ ಬರೆದುಕೊಂಡಾಗ. ಇವತ್ತು ಏನಾಯಿತೆಂದರೆ, ಹುಣಸೇಮರದ ಕೆಳಗೆ ಬಸಮ್ಮ ಇಪ್ಪತ್ತು ಜನರನ್ನು ಕಟ್ಟಿಕೊಂಡು ನಿಂತಿದ್ದರು. ಮುಂದಿನ ಗಾಡಿ ಹೋದದ್ದೇ ತಡ, ಇನ್ನು ಬರುವುದು ನಮ್ಮ ಚಿತ್ರಾ ಎಂದು ತಿಳಿದು, ಕಾವಲಿನ ಹುಡುಗ ಸೀಟಿ ಬಾಯಿಗಿಡುವಷ್ಟರಲ್ಲಿ ಎಲ್ಲರೂ ರಸ್ತೆಗಿಳಿದು ದೃಷ್ಟಿ ತೆಗೆದು ಈಡುಗಾಯಿ ಹೊಡೆದುಬಿಟ್ಟರು. ಇಪ್ಪತ್ತು ಕಾಯಿ. ಭಕ್ತಿಯೇನೋ ದೊಡ್ಡದು. ಕರಟ ಕತ್ತಿಯಂಥದು.

ಢಬ್ ಎಂದಿತು. ಕಾರು ಎಡಕ್ಕೆ ವಾಲಿ, ಬದುವಿನ ಪಕ್ಕ ನಿಂತಿತು. ಮುಂದಿನ ಚಕ್ರ ಬಾಯಿ ಬಿಟ್ಟಿತ್ತು.

ಹದಿನೈದು ನಿಮಿಷಕ್ಕಿಂತ ತಡವಾದರೆ ಆಟದಿಂದ ಹೊರಗೆ. ಹೊರಗಿನವರು ಗಾಡಿ ಮುಟ್ಟಿದರೂ ಹೊರಗೆ. ಇದು ಬಸಮ್ಮನಿಗೇನು ಗೊತ್ತು? “ಅಯ್ಯೋ ನನ್ನ ಕೈ ಸೇದ್ಹೋಗ!” ಎಂದು ಓಡಿಬಂದರು. ಹಿಂದೆಯೇ ಹತ್ತು ಜನ.

“ಮುಟ್ಬ್ಯಾಡ್ರೀ!” ಎಂದು ಮೀನಾಕ್ಷಿ ತರಗತಿಯ ದನಿಯಲ್ಲಿ ಗದರಿದಳು. ಕಾಲು ನೆಟ್ಟ ಹಾಗೆ ನಿಂತರು ಎಲ್ಲ. ಕರಿಬಸವಯ್ಯ ಎರಡೂ ಕೈ ಅಗಲಿಸಿ ಬೇಲಿಯಾದರು. “ಹಿಂದಕ್ ಹೋಗ್ರೋ! ಏನ್ಲಾ, ಗಾಡಿ ನೆರಳೂ ತುಳೀಬ್ಯಾಡ! ಲೇ ಬಸಮ್ಮ, ನಿನ್ ಕೈ ಹಿಂದಕ್ ಕಟ್ಕೊ!”

ಮೀನಾಕ್ಷಿ ಜಾಕು ಏರಿಸಿದಳು. ಮೂರು ನಟ್ಟು ಬಂದವು. ನಾಲ್ಕನೆಯದು ಜಪ್ಪಯ್ಯ ಎನ್ನಲಿಲ್ಲ. ಚಿತ್ರಾ ಒಂದೇ ಕೈಯಲ್ಲಿ ಪಾನಾ ಹಿಡಿದುಕೊಂಡು, ಬಿಳಿಚಿದ ಮುಖದಲ್ಲೇ ನಕ್ಕಳು. “ಹತ್ತಿ ನಿಲ್ಲಿ ಅತ್ತಿಗೆ! ಹೋಮ್‌ವರ್ಕ್ ಮಾಡ್ದೆ ಬಂದವನಿಗೆ ಬೈತೀರಲ್ಲ, ಹಂಗೆ ಬೈರಿ ಅದಕ್ಕೆ!”

ಮೀನಾಕ್ಷಿ ಪಾನಾದ ಮೇಲೆ ಎರಡೂ ಕಾಲಿಟ್ಟು ನಿಂತಳು. ಬೈದಳೋ ಇಲ್ಲವೋ, ನಟ್ಟಂತೂ ಕಿರ್ ಎಂದು ತಿರುಗಿತು. ನೋಡುವವರು ನಿಲ್ಲುವ ಗೆರೆಯಾಚೆ ನಿಂತ ಉಗ್ರಪ್ಪನವರು ಕೈಗಡಿಯಾರ ನೋಡುತ್ತ ಸೀಟಿಯನ್ನು ಬಾಯಲ್ಲಿ ಕಚ್ಚಿಕೊಂಡಿದ್ದರು, ಊದಲಿಲ್ಲ. ಏಳು ನಿಮಿಷಕ್ಕೆ ಹೊಸ ಚಕ್ರ ನೆಲ ಮುಟ್ಟಿತು.

ಮುಂದಿನ ದಾರಿಯಲ್ಲಿ ಸಂಜೆಯ ಬಿಸಿಲು ನೇರ ಕಣ್ಣಿಗೆ. ಗಾಜಿನ ತುಂಬ ಧೂಳು ಹೊಳೆಯುತ್ತಿತ್ತು. “ಏನೂ ಕಾಣ್ತಿಲ್ಲ. ಓದ್ತಾ ಇರಿ,” ಎಂದಳು ಚಿತ್ರಾ. ಮೀನಾಕ್ಷಿ ಓದಿದಳು. ಬಸ್ ತಿರುವು, ಮೋರಿ, ಗಾಡಿ ತಿರುವು, ಪಂಪ್‌ಹೌಸು. ತನ್ನ ದನಿಯೇ ರಸ್ತೆಯಾಗಿ ಮುಂದೆ ಹಾಸಿಕೊಳ್ಳುತ್ತಿದೆ, ಆ ಹುಡುಗಿ ಅದರ ಮೇಲೆ ಚಕ್ರ ಉರುಳಿಸುತ್ತಿದ್ದಾಳೆ ಎಂದು ಅವಳಿಗೆ ಆಗ ಅನ್ನಿಸಿತಂತೆ. ಅಷ್ಟು ನಂಬಿಕೆಯನ್ನು ಮೀನಾಕ್ಷಿಯ ಮೇಲೆ ಅದುವರೆಗೆ ಯಾರೂ ಇಟ್ಟಿರಲಿಲ್ಲ.

ಮುಗಿಸಿದ ಗಾಡಿ ಹತ್ತೊಂಬತ್ತು. ಚಿತ್ರಾ ಹತ್ತೊಂಬತ್ತನೆಯವಳು. ಗೆದ್ದವನಿಗೆ ಹಾಕಿದ ಹಾರಕ್ಕಿಂತ ಜಾವಗಲ್ಲಿನವರ ಕೂಗು ದೊಡ್ಡದಿತ್ತು ಎಂದು ಈಗಲೂ ಹೇಳುತ್ತಾರೆ.

ಹನ್ನೊಂದನೇ ದಿನ ಅವಳು ಆಸ್ಪತ್ರೆಯಲ್ಲಿದ್ದಳು. ಇತ್ತ ಉಗ್ರಪ್ಪನವರ ಅಂಗಳಕ್ಕೆ ಕಾಯಿ ಬೀಳತೊಡಗಿತು. ಗುಡ್ಡೆ ಕಿಟಕಿ ಮುಚ್ಚಿತು. ಈಡುಗಾಯಿ ಹೊಡೆದ ಇಪ್ಪತ್ತು ಮನೆಗೆ ಕರಿಬಸವಯ್ಯ ಒಂದಕ್ಕೆ ಹತ್ತು ದಂಡ ಹಾಕಿದರು. ಮೊದಲ ದಂಡ ಅವರ ಹೆಂಡತಿಯದೇ. “ನಮ್ಮನೇಲಿ ಬುದ್ಧನಿಗೆ ಹೂವು ಮಾತ್ರ, ಕಾಯಿ ಒಡೆಯೋದು ಚಟ್ನಿಗೆ ಅಷ್ಟೇ ಬಸಮ್ಮನೋರೆ,” ಎಂದು ಚಲುವಮ್ಮ ಎಷ್ಟೋ ದಿನದ ಮೇಲೆ ನಕ್ಕರು.

ಮೂರು ತಿಂಗಳಿಗೆ ಬಿಳಿಯ ವ್ಯಾನು ಬಂತು, ಒಳಗೆ ಒಂದು ಮಂಚ, ಎರಡು ಸೀಟು. ಅದು ಈಗ ಇನ್ನೂರಕ್ಕೂ ಹೆಚ್ಚು ಸಲ ಬೆಂಗಳೂರು ಕಂಡಿದೆ. ದ್ರಾಕ್ಷಾಯಣಿ ತಪಾಸಣೆಗೆ ಅದರಲ್ಲೇ ಹೋಗಿಬರುತ್ತಾಳೆ. ಅದರ ಸರದಿ ಪುಸ್ತಕ ಮೀನಾಕ್ಷಿಯ ಕೈಯಲ್ಲಿದೆ. ಮೊದಲ ಪುಟದ ಮೊದಲ ಹೆಸರು ಚಿತ್ರಾಳದು. ಆ ಒಂದು ಸಾಲಿನಲ್ಲಿ ಮಾತ್ರ ಹೋದ ತಾರೀಖು ಇದೆ, ಬಂದ ತಾರೀಖು ಇಲ್ಲ.

ಕಸಿಗೆ ಹೊರಟ ಆ ಬೆಳಗ್ಗೆ ಚಿತ್ರಾ ತಲೆಗೆ ವಸ್ತ್ರ ಕಟ್ಟಿಕೊಂಡು ಹೊಸ್ತಿಲು ದಾಟಿದಳು. ಮಂಚದ ಮೇಲೆ ಮಲಗು ಎಂದರೆ ಒಪ್ಪಲಿಲ್ಲ. ಅಪ್ಪ ಸ್ಟೇರಿಂಗ್ ಹಿಡಿದಿದ್ದರು. ಅವಳು ಮುಂದಿನ ಎಡಸೀಟಿಗೆ ಹತ್ತಿ ಕೂತು, “ಅತ್ತಿಗೆ, ಇವತ್ತು ಓದೋದು ನಾನು. ನೀವು ನಿಂಬೆಹಣ್ಣು ಹಿಡ್ಕೊಂಡು ಹಿಂದೆ ಕೂತ್ಕೊಳ್ಳಿ,” ಎಂದಳು.

ಬಸಮ್ಮ ಕೈಯಲ್ಲಿ ಕಾಯಿ ಹಿಡಿದು ಬಂದರು. ಬೀದಿಯೆಲ್ಲ ಉಸಿರು ಬಿಗಿಹಿಡಿಯಿತು. ಅವರು ಒಡೆಯಲಿಲ್ಲ. ಇಡೀ ಕಾಯಿಯನ್ನು ಕಿಟಕಿಯಿಂದ ಚಿತ್ರಾಳ ಮಡಿಲಿಗೆ ಇಟ್ಟರು. ಕಣ್ಣು ತುಂಬಿತ್ತು, ಬಾಯಿ ಮಾತ್ರ ಹಳೆಯದೇ. “ಹೋಗ್ ಕಣೇ ಬಿರುಗಾಳಿ. ನಿಧಾನಕ್ ಹೋಗ್ರಿ, ಹಪ್ಳ ಒಣಗ್ಹಾಕಿವ್ನಿ.”

ಚಿತ್ರಾಳ ಮುಖ ಅರಳಿತು. ಎಷ್ಟು ವರ್ಷವಾಗಿತ್ತು, ಯಾರಾದರೂ ಹಾಗೆ ಬೈದು!

“ಅಪ್ಪಾ, ಅರವತ್ತು ಮೀಟರು, ಬೀದಿ ಮೂಲೆ, ಟ್ರಾಕ್ಟರ್ ತಿರುವು ಬಲಕ್ಕೆ. ದಾರಿ ಚೊಕ್ಕ,” ಎಂದಳು. ಆಮೇಲೆ ಕೈ ಹೊರಗೆ ಹಾಕಿ, ಬಾಗಿಲ ತಗಡಿಗೆ ಎರಡು ಸಲ ತಟ್ಟಿದಳು.

“ರೈಟ್ ರೈಟ್!”