ಮೋಡವಿದ್ದ ಒಂಬತ್ತು ದಿನ

ನನ್ನ ಪಟ್ಟಿಯಲ್ಲಿರುವ ಹದಿನೈದು ಅಳತೆಗಳಲ್ಲಿ ಒಂಬತ್ತು ಸುಳ್ಳು. ಅವನ್ನು ಬರೆದವಳು ನಾನು. ಸುಳ್ಳುಗಾತಿ ಎನಿಸಿಕೊಂಡವಳು ಮಾತ್ರ ಸ್ನೇಹಲ್. ಎರಡು ವರ್ಷ ಇದನ್ನು ಡೈರಿಯಲ್ಲಿಯೂ ಬರೆಯಲಿಲ್ಲ — ದಿನಕ್ಕೆ ಎಷ್ಟು ಲೋಟ ನೀರು ಕುಡಿದೆ ಎಂದು ಕೂಡ ಗುರುತು ಹಾಕುವ ನಾನು.

ಬಿ.ಎಸ್ಸಿ. ಮೊದಲ ವರ್ಷ, ಜುಲೈ ಮೊದಲ ವಾರ. ಐಚ್ಛಿಕ ವಿಷಯವೆಂದು ಖಗೋಳ ಪರಿಚಯ ತೆಗೆದುಕೊಂಡಿದ್ದೆ. ಮೊದಲ ತರಗತಿಯಲ್ಲಿ ಸರ್ ದೂರದರ್ಶಕ ತೋರಿಸಲಿಲ್ಲ. ಇಬ್ಬಿಬ್ಬರಿಗೆ ಒಂದೊಂದು ಬೇರೆ ಪ್ರಯೋಗ ಹಂಚಿ, ನಮ್ಮ ಜೋಡಿಗೆ ಒಂದು ಮೀಟರಿನ ಕೋಲು ಕೊಟ್ಟರು. ಕಾಲೇಜಿನ ತಾರಸಿಯ ಮೇಲೆ ಅದನ್ನು ನೆಟ್ಟಗೆ ನಿಲ್ಲಿಸಬೇಕು; ಸೂರ್ಯ ಅತಿ ಎತ್ತರಕ್ಕೆ ಬರುವ ಹೊತ್ತಿಗೆ, ಅಂದರೆ ನಾಗಪುರದಲ್ಲಿ ಹನ್ನೆರಡು ಇಪ್ಪತ್ತರ ಸುಮಾರಿಗೆ, ನೆರಳು ಅಳೆಯಬೇಕು. ಮೂವತ್ತು ಕಾಲೇಜು ದಿನ. ಒಂದು ದಿನ ಒಬ್ಬಳ ಪಾಳಿ, ಮರುದಿನ ಇನ್ನೊಬ್ಬಳದು. ಬಿಸಿಲಿಲ್ಲದಿದ್ದರೆ 'ಮೋಡ' ಎಂದು ಬರೆಯಿರಿ ಎಂದೂ ಹೇಳಿದ್ದರು. ಸ್ಪಷ್ಟವಾಗಿ ಹೇಳಿದ್ದರು.

ನನ್ನ ಜೊತೆಗಾತಿ ಸ್ನೇಹಲ್. ಗಾಂಧಿಬಾಗಿನಲ್ಲಿ ಅವಳ ತಂದೆಯದು ಬಟ್ಟೆ ಅಂಗಡಿ. ಮೀಟರ್ ಹಿಡಿದು ಬೆಳೆದವಳು. ಅವಳ ಕೈಯಲ್ಲಿ ಅಳತೆ ತಪ್ಪುತ್ತಿರಲಿಲ್ಲ.

ಆ ಸಲ ಮಳೆ ಬಿಡಲಿಲ್ಲ. ಅವಳ ಹದಿನೈದು ಪಾಳಿಗಳಲ್ಲಿ ಐದು ದಿನ ಬಿಸಿಲು, ಹತ್ತು ದಿನ ಮೋಡ. ನನ್ನದರಲ್ಲಿ ಆರು ಬಿಸಿಲು, ಒಂಬತ್ತು ಮೋಡ. ಮೊದಲ ಮೋಡದ ದಿನ ನಾನು ಪಟ್ಟಿಯಲ್ಲಿ ಆ ದಿನದ ಮನೆಯನ್ನು ಖಾಲಿ ಬಿಟ್ಟೆ. ಎರಡನೆಯದನ್ನೂ. ಖಾಲಿ ಮನೆಗಳು ಹೆಚ್ಚಾದಂತೆ ಹೆದರಿಕೆ ಹತ್ತಿತು — ಫೇಲಾಗುತ್ತೇನೆ, ಕೆಲಸಗಳ್ಳಿ ಎನ್ನುತ್ತಾರೆ... ಕಾರಣ ಹುಡುಕುತ್ತಿಲ್ಲ. ಗ್ರಾಫ್ ಹಾಳೆಯಲ್ಲಿ ನಿಜವಾದ ಅಳತೆಗಳ ನಡುವೆ ಒಂದು ಗೆರೆ ಎಳೆದೆ. ಗೆರೆ ಎಲ್ಲಿ ಹಾಯಿತೋ ಆ ಅಂಕಿಗಳನ್ನು ತುಂಬಿದೆ. ತೀರ ನಯವಾಗಿ ಕಂಡೀತೆಂದು ಅಲ್ಲೊಂದು ಇಲ್ಲೊಂದು ಮಿಲಿಮೀಟರ್ ಏರುಪೇರು ಮಾಡಿದೆ. ಅಂಕಿ ತುಂಬಿದ್ದು ಹೆದರಿಕೆಯಿಂದ ಎಂದುಕೊಂಡರೂ, ಆ ಮಿಲಿಮೀಟರುಗಳನ್ನು ತಣ್ಣಗೆ ಕೂತು ಯೋಚಿಸಿ ಬರೆದಿದ್ದೆ.

ಆ ಒಂಬತ್ತರಲ್ಲಿ ಒಂದು ಶೂನ್ಯ. ನಮ್ಮೂರಲ್ಲಿ ವರ್ಷಕ್ಕೆ ಎರಡು ದಿನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ಕೋಲಿಗೆ ನೆರಳೇ ಇರುವುದಿಲ್ಲ. ಮೇ ಕೊನೆಗೆ ಬಂದಾಗ ಕಾಲೇಜಿಗೆ ರಜೆ; ಜುಲೈ ಮಧ್ಯದಲ್ಲಿ ಬಂದಾಗ ಮೋಡ. ಜುಲೈ ಶೂನ್ಯವನ್ನು ಯಾವ ವಿದ್ಯಾರ್ಥಿಯೂ ಅಳೆದು ತಂದಿಲ್ಲವೆಂದು ಸರ್ ಆಸೆಯಿಂದ ಹೇಳಿದ್ದರು. ಆ ದಿನ ಪಾಳಿ ನನ್ನದು. ನೋಡಬೇಕೆಂದು ಸ್ನೇಹಲ್ ಕೂಡ ತಾರಸಿಗೆ ಬಂದಿದ್ದಳು. ಬೂದಿ ಬಣ್ಣದ ಆಕಾಶ, ಒಂದು ತೂತೂ ಇರಲಿಲ್ಲ. ಹನ್ನೆರಡೂ ಕಾಲಿಗೆ ಅವಳಿಗೆ ರಸಾಯನಶಾಸ್ತ್ರದ ಪ್ರಯೋಗವಿತ್ತು, ಇಳಿದು ಹೋದಳು. ನಾನು ಹನ್ನೆರಡೂವರೆತನಕ ನಿಂತೆ. ಮೋಡ ಸರಿಯಲಿಲ್ಲ. ಕೆಳಗೆ ಬಂದು ಸೊನ್ನೆ ಬರೆದೆ.

ಮನೆಯಲ್ಲಿ ಪಟ್ಟಿಯನ್ನು ಶುದ್ಧಪ್ರತಿ ಮಾಡುತ್ತಿದ್ದಾಗ ಅವ್ವ ಹಿಂದೆ ನಿಂತು ನೋಡಿದಳು.

"ಎಂಟ್ ದಿನಾತು, ನಿಮ್ಮಪ್ಪನ ಅಂಗಿ ಒಣಗವಲ್ಲವು. ನಿಮ್ಮ ಕಾಲೇಜಿನ ಮ್ಯಾಲಷ್ಟ ಬಿಸಿಲು ಬೀಳತೈತೇನು? ನಾಳಿಂದ ಒಂದು ಬಕೀಟು ಬಟ್ಟಿ ಅಲ್ಲೇ ಒಯ್ದು ಹಾಕು."

ಅವಳು ನಕ್ಕಳು. ನಾನು ಪಟ್ಟಿಯನ್ನು ಪುಸ್ತಕದೊಳಗೆ ಸೇರಿಸಿದೆ.

ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಸರ್ ಇಡೀ ತರಗತಿಯ ಮುಂದೆ ಸ್ನೇಹಲಳನ್ನು ಎಬ್ಬಿಸಿದರು. ಮಾತೆಲ್ಲ ಮರಾಠಿಯಲ್ಲಿ ಆಯಿತು. ನಮ್ಮ ಮನೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮೋಡ ಏನು ನಿನ್ನ ಪಾಳಿ ನೋಡಿಕೊಂಡ ಬರತೈತೇನು? ಈಕಿ ಪಾಳಿ ಬಂದರ ರಜಾ ಹಾಕತೈತಿ? ನಾಲ್ಕು ಮಜಲಾ ಹತ್ತಾಕ ಬ್ಯಾಸರಾತು, ಕ್ಯಾಂಟೀನಿನಾಗ ಕುಂತು 'ಮೋಡ' ಬರದಿ. ಬರೋಬರ್?"

ತರಗತಿ ನಕ್ಕಿತು. ಸ್ನೇಹಲ್ ನನ್ನ ಕಡೆ ತಿರುಗಿದಳು. "ಶೂನ್ಯದ ದಿನ ನಾನೂ ಮ್ಯಾಲಿದ್ದೆ ಸರ್. ಹನ್ನೆರಡೂ ಕಾಲಿನ ತನಕ ಬರೇ ಮೋಡ. ಈಕಿನ್ನ ಕೇಳ್ರಿ."

ಸರ್ ನನ್ನನ್ನು ನೋಡಿದರು. ಆಗ ನಾನು ಅವಳಿಗೆ ಹೇಳಿದ್ದು ಐದು ಪದ: "ನೀ ಇಳಿದ ಮ್ಯಾಲೆ ಬಿಸಿಲು ಬಿತ್ತು."

ಅವಳಿಗೆ ಪ್ರಯೋಗದಲ್ಲಿ ಸೊನ್ನೆ ಬಂತು. ಪಟ್ಟಿಯ ಮೇಲೆ ಕೆಂಪು ಶಾಯಿಯಲ್ಲಿ 'ವೀಕ್ಷಣೆ ಸುಳ್ಳು' ಎಂದು ಬರೆದರು. ನನಗೆ ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು.

ಅಂದಿನಿಂದ ಭಯ ನನ್ನನ್ನು ಬಿಟ್ಟಿಲ್ಲ. ಹವಾಮಾನ ಇಲಾಖೆಯವರು ಪ್ರತಿ ದಿನದ ಮೋಡವನ್ನೂ ಬರೆದಿಡುತ್ತಾರೆಂದು ಎರಡನೇ ವರ್ಷದಲ್ಲಿ ಓದಿದೆ. ಒಂದು ವಾರ ಸರಿಯಾಗಿ ಊಟ ಸೇರಲಿಲ್ಲ. ಯಾರಾದರೂ ತೆಗೆದು ಹೋಲಿಸಿದರೆ — ಒಂಬತ್ತು ದಿನವೂ — ಒಂದೊಂದಾಗಿ... ಯಾರೂ ಹೋಲಿಸಲಿಲ್ಲ. ನನ್ನನ್ನು ಯಾರೂ ಅನುಮಾನಿಸಲಿಲ್ಲ.

ಈಗ ಮೂರನೇ ವರ್ಷ. ಮತ್ತೆ ಜುಲೈ. ಹೊಸಬರ ಖಗೋಳ ಪರಿಚಯ ಶುರುವಾಗಿದೆ, ಸರ್ ನನ್ನನ್ನು ಸಹಾಯಕ್ಕೆ ಕರೆದಿದ್ದಾರೆ. ಹೋದ ಬುಧವಾರ ನನ್ನ ಕೈಗೆ ನಲವತ್ತು ಜೆರಾಕ್ಸ್ ಪ್ರತಿ ಕೊಟ್ಟರು: ನನ್ನದೇ ಪಟ್ಟಿ. "ಮಾದರಿ ಅಂತ ಹಂಚು" ಎಂದರು. ಚೀಲಕ್ಕೆ ಹಾಕಿಕೊಂಡೆ, ಹಂಚುವ ಧೈರ್ಯವಾಗಲಿಲ್ಲ.

ಮರುದಿನ ಸ್ನೇಹಲ್ ಬಂದಳು. ಡಿಸೆಂಬರಿನಲ್ಲಿ ಪುಣೆಯಲ್ಲಿ ಖಗೋಳದ ತರಬೇತಿ ಶಿಬಿರವಿದೆ. ಅರ್ಜಿಯ ಜೊತೆ ಸರ್ ಶಿಫಾರಸು ಪತ್ರ ಬೇಕು. ಸುಳ್ಳು ವೀಕ್ಷಣೆ ಬರೆದವಳಿಗೆ ಕೊಡುವುದಿಲ್ಲ ಎಂದರಂತೆ. ಬರುವ ಶನಿವಾರದೊಳಗೆ ಅರ್ಜಿ ಹೋಗಬೇಕು.

"ನಿನ್ನ ಮಾತು ಕೇಳತಾರ, ಒಂದು ಸಲ ಹೇಳಿ ನೋಡ," ಎಂದಳು. ಆಮೇಲೆ, "ನೀ ಅಂದಿದ್ದ ಖರೇ ಇರಬೇಕು. ನಾನ ಅವಸರ ಮಾಡಿ ಇಳದೆ. ಈಗ ಮೋಡ ಇದ್ದರೂ ಐದು ನಿಮಿಷ ಜಾಸ್ತಿ ನಿಂತ ನೋಡತೀನಿ."

ಎರಡು ವರ್ಷ. ಎಷ್ಟು ಮೋಡದ ಕೆಳಗೆ ಐದೈದು ನಿಮಿಷ ನಿಂತಿರಬಹುದು — ಈ ಲೆಕ್ಕ ನನ್ನ ಹತ್ತಿರ ಇಲ್ಲ. ಅವಳ ಅಂಕ ಕಳೆದೆ ಎಂದುಕೊಂಡಿದ್ದೆ. ಅವಳಿಗೆ ತನ್ನ ಕಣ್ಣಿನ ಮೇಲಿದ್ದ ನಂಬಿಕೆಯನ್ನೇ ಕಳೆದಿದ್ದೆ.

ಇವತ್ತು ಭಾನುವಾರ. ಬೆಳಿಗ್ಗೆ ಹನ್ನೊಂದಕ್ಕೆ ಗಾಂಧಿಬಾಗಿಗೆ, ಸ್ನೇಹಲಳ ಅಂಗಡಿಗೆ ಹೋದೆ. ಅವಳು ಒಬ್ಬ ಗಿರಾಕಿಗೆ ಅಸ್ತರಿನ ಬಟ್ಟೆ ಅಳೆಯುತ್ತಿದ್ದಳು. ಗಿರಾಕಿ ಹೋಗುವತನಕ ಕಾದು ಎಲ್ಲ ಹೇಳಿದೆ — ಒಂಬತ್ತು ದಿನವನ್ನೂ, ಒಂದೊಂದಾಗಿ. ಅವಳು ಬೈಯುತ್ತಾಳೆಂದು ಕಾದೆ.

"ಅಂದರ ಅವತ್ತು ಮೋಡ ಇತ್ತು?"

"ಇತ್ತು."

"ನಾ ಇಳಿದ ಮ್ಯಾಲೂ?"

"ಇಳಿದ ಮ್ಯಾಲೂ."

ಅವಳು ಬಟ್ಟೆಯ ಥಾನು ಸುತ್ತಿದಳು. ತುದಿ ಸರಿ ಬರಲಿಲ್ಲ, ಬಿಚ್ಚಿ ಮತ್ತೆ ಸುತ್ತಿದಳು. ನನ್ನ ಮುಖ ನೋಡದೆ, "ಸರ್ ಮುಂದ ಹೇಳು. ನಾ ಬರೂದಿಲ್ಲ. ನೀ ಒಬ್ಬಾಕೇನ ಹೇಳಬೇಕು," ಎಂದಳು.

ನಾಳೆ ಹನ್ನೊಂದಕ್ಕೆ ಸರ್ ಕೋಣೆಯಲ್ಲಿರುತ್ತಾರೆ. ಆಮೇಲೆ ನನ್ನ ಅಂಕ, ನನ್ನ ಹೆಸರು, ಅಪ್ಪನ ಮುಖ — ಏನಾಗುತ್ತದೋ ತಿಳಿಯದು. ತುಂಬಾ ಹೆದರಿದ್ದೇನೆ. ಹೆದರಿಕೆಗೆ ಮಾತು ಬೇರೆ ದಾರಿ ಹಿಡಿಯಬಾರದೆಂದು ಮೊದಲ ವಾಕ್ಯವನ್ನು ಇಲ್ಲಿಯೇ ಬರೆದಿಡುತ್ತೇನೆ: ಸರ್, ಸ್ನೇಹಲ್ ಬರೆದ ಹತ್ತು ಮೋಡಗಳೂ ನಿಜ.