ಖಾಲಾನ ಬಲಗೈ

ಮೊನ್ನೆ ಹಲಸೂರಿನ ಗಲ್ಲಿಯೊಂದರಲ್ಲಿ ಕಲಾಯಿ ಹಾಕುವವನ ಒಲೆಯಿಂದ ನವಸಾಗರದ ಹೊಗೆ ಮೂಗಿಗೆ ಅಡರಿದಾಗ ಶಿವಾಜಿನಗರದ ನಮ್ಮ ವಠಾರ ಇಡಿಯಾಗಿ ಎದ್ದುಬಂತು. ಜೊತೆಗೆ, ಖಾಲಾನ ಬಗ್ಗೆ ಅಲ್ಲಿನವರೆಲ್ಲ ಇಂದಿಗೂ ಹೇಳುವ ಆ ಮಾತೂ. "ಆಕಿ ವಿಚಾರನ ಮಾಡ್ಲಿಲ್ರೀ, ಕೈ ತಾನ ಎಳೀತು," ಎನ್ನುತ್ತಾಳೆ ಗದಗಿನ ನನ್ನ ಅವ್ವ. ಉಳಿದವರು ತಾಯಿಕರುಳು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ತಾಯಿಕರುಳಾಗಿದ್ದರೆ ಎಳೆಯಬೇಕಾಗಿದ್ದದ್ದು ನನ್ನನ್ನಲ್ಲ.

ಪಕ್ಕದ ಮನೆಯ ಮೆಹರುನ್ನೀಸಾ ನನಗೆ ಖಾಲಾ, ಅಂದರೆ ಚಿಕ್ಕಮ್ಮ; ಅವರ ಗಂಡ ಕಲಾಯಿ ಕೆಲಸದವರು. ಅಂಗಳದಲ್ಲಿ ಅವರು ಬಿಸಿ ಹಂಡೆಗೆ ತವರ ಸವರಿದರೆ ಒಳಗೆಲ್ಲ ಬೆಳ್ಳನೆಯ ಬೆಳಕು ಹರಡುತ್ತಿತ್ತು. ನಾನೂ ಅವರ ಮಗಳು ಶಬಾನಾಳೂ ಅದರಲ್ಲಿ ನಮ್ಮ ಸೊಟ್ಟ ಮುಖ ನೋಡಿಕೊಂಡು ನಗುತ್ತಿದ್ದೆವು. ಅವ್ವ ಬೆಳಿಗ್ಗೆಯೇ ದೊಮ್ಮಲೂರಿನ ಆಫೀಸಿಗೆ ಹೊರಡುತ್ತಿದ್ದುದರಿಂದ ನಮ್ಮಿಬ್ಬರನ್ನೂ ಶಾಲೆಗೆ ನಡೆಸಿಕೊಂಡು ಹೋಗುತ್ತಿದ್ದವರು ಖಾಲಾ. ಅವರದೊಂದು ಕಟ್ಟಳೆಯಿತ್ತು: ಬಲಗೈ ನನಗೆ, ಎಡಗೈ ಮಗಳಿಗೆ. ನಾನು ಅಂಗಡಿಸಾಲಿನ ಕಡೆ, ಅವಳು ಬಸ್ಸುಗಳ ಕಡೆ.

"ಮೇಡಮ್ಮೋರು ನೆರಳಲ್ಲಿ, ನಾನು ಹೊಗೇಲಿ! ತೌಡು ಕೊಟ್ಟು ತಗೊಂಡ್ರಾ ಅಮ್ಮೀ ನನ್ನ?"

"ಚುಪ್! ಅವ್ಳು ಬೇರೆಯವ್ರ ಮಗು, ಅಮಾನತ್, ನಂಬಿ ಕೊಟ್ಟಿರೋದು. ಹಂಗೇ ವಾಪಸ್ ಒಪ್ಪಿಸ್ಬೇಕು. ನೀನು ನಂದೇ ಅಲ್ವಾ, ಎಲ್ಲಿ ಹೋಗ್ತೀಯ?"

ಒಂದು ಬೆಳಿಗ್ಗೆ ಬ್ರೇಕು ಹಿಡಿಯದ ಟೆಂಪೊ ಫುಟ್‌ಪಾತ್ ಹತ್ತಿತು. ಖಾಲಾನ ಬಲಗೈ ನನ್ನನ್ನು ಎಳೆದು ಅಂಗಡಿಯೊಂದರ ಮೆಟ್ಟಿಲಿಗೆ ಎಸೆಯಿತು. ಎಡಗೈ ಬರಿದಾಗಿತ್ತು. ಶಬಾನಾ ಆಸ್ಪತ್ರೆ ತಲುಪುವವರೆಗೂ ಉಳಿಯಲಿಲ್ಲ.

ಆ ಗಳಿಗೆಯಲ್ಲಿ ಅವರು ಯೋಚಿಸಲಿಲ್ಲ, ಸರಿ. ಆದರೆ ಯೋಚನೆಯನ್ನು ಅವರು ದಿನಾ ಹೊಸಿಲಲ್ಲೇ ಮುಗಿಸಿಬಿಡುತ್ತಿದ್ದರಲ್ಲ, ಯಾರಿಗೆ ಯಾವ ಕೈ ಎಂದು? ಮೂರು ವರ್ಷ ಕಲಿಸಿದ ಪಾಠವನ್ನು ಕೈ ಒಪ್ಪಿಸಿತು, ಅಷ್ಟೇ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಾದರೆ ಈ ವಾದಕ್ಕೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಗೆದ್ದು ಏನು ಮಾಡಲಿ?

ವಠಾರ ಕೆಡವಿದರು. ಕಲಾಯಿ ಚಾಚಾ ತೀರಿಕೊಂಡರು. ಬಾಣಸವಾಡಿಯ ತಮ್ಮನ ಮನೆಯಲ್ಲಿರುವ ಖಾಲಾನನ್ನು ನೋಡಲು ಈಗಲೂ ಹೋಗುತ್ತೇನೆ. ಚಹಾ ಕೊಡುತ್ತಾರೆ, ನನ್ನ ಮುಖವನ್ನು ತುಸು ಹೆಚ್ಚೇ ಹೊತ್ತು ನೋಡುತ್ತಾರೆ. "ಯೋಚ್ನೇನೇ ಬರ್ಲಿಲ್ಲ ಬೇಟಾ, ಅಲ್ಲಾನಾಣೆ," ಎನ್ನುತ್ತಾರೆ, ನಾನು ಏನೂ ಕೇಳದಿದ್ದರೂ. ಆ ಒಂದು ಮಾತಿನ ಆಸರೆಯಲ್ಲಿ ಅವರು ಬದುಕಿದ್ದಾರೆ. ನನ್ನ ವಾದ ಅದನ್ನೂ ಕಿತ್ತುಕೊಳ್ಳುತ್ತದೆ. ಹೌದು ಖಾಲಾ, ಎಂದು ಲೋಟ ಕೆಳಗಿಟ್ಟು ಎದ್ದು ಬರುತ್ತೇನೆ. ಅವರೆದುರು ಬಾಯಿಗೆ ಬಾರದ್ದನ್ನು, ಕನ್ನಡ ಓದಲಾರದ ಅವರಿಗೆ, ಇಲ್ಲಿ ಬರೆದಿಡುತ್ತಿದ್ದೇನೆ: ಯೋಚಿಸೋಕೆ ಒಂದೇ ಒಂದು ಗಳಿಗೆ ಸಿಕ್ಕಿದ್ರೆ, ಖಾಲಾ, ಯಾರನ್ನ ಎಳ್ಕೊಳ್ತಿದ್ರಿ?